ಕ್ಷೌರ ಮಾಡಿಸಿಕೊಂಡ ಲಂಟಾನ

ಗುಂಡ್ಲುಪೇಟೆ ಹತ್ತಿರವಾಗುತ್ತಿದ್ದಂತೆ ಬಸ್ಸಿನಲ್ಲಿದ್ದ ಅರ್ಧ ಜನ ಒಂದೇ ಬದಿಯ ಕಿಟಕಿಗಳಿಗೆ ವಾಲಿದರು. ಸೂರ್ಯಕಾಂತಿ. ಜುಲೈ ಬಂತೆಂದರೆ ಈ ರಸ್ತೆಯ ಹೊಲಗಳಲ್ಲಿ ಕೆಲಸ ಮಾಡುವವರಿಗಿಂತ ಫೋಟೊ ತೆಗೆಸಿಕೊಳ್ಳುವವರೇ ಹೆಚ್ಚು. ಬದುವಿಗೆ ಹಗ್ಗ ಕಟ್ಟಿ, ಒಳಗೆ ಬಿಡುವುದಕ್ಕೆ ದುಡ್ಡು ಕೇಳುವ ರೈತರೂ ಇದ್ದಾರೆ. ತಪ್ಪೇನಿಲ್ಲ, ಎಣ್ಣೆಕಾಳಿನ ಬೆಲೆಯನ್ನು ನಂಬಿ ಕೂರುವುದಕ್ಕಿಂತ ಅದೇ ವಾಸಿ. ನಾನು ಹೊರಟಿದ್ದು ಮಾತ್ರ ಬೇರೆ ಗಿಡ ನೋಡುವುದಕ್ಕೆ. ಹಿಂದಿನ ವರ್ಷ ಇದೇ ದಿನಗಳಲ್ಲಿ ಬಂಡೀಪುರದ ಕಾಡಂಚಿನಲ್ಲಿ ಎರಡು ದಿನ ಲಂಟಾನ ಕಿತ್ತಿದ್ದೆ. ಕಿತ್ತೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೂ ಇದ್ದೆ. ನಿಜಕ್ಕೂ ಕಿತ್ತಿದ್ದೆನೇ ಎಂದು ನೋಡಿ ಬರಲು ಈ ಸಲದ ಪ್ರಯಾಣ.

ಗುಂಡ್ಲುಪೇಟೆ ದಾಟಿದ ಮೇಲೆ ರಸ್ತೆ ಕವಲೊಡೆಯುತ್ತದೆ. ಒಂದು ವಯನಾಡಿಗೆ, ಇನ್ನೊಂದು ಊಟಿಗೆ. ಎರಡೂ ಕಾಡಿನೊಳಗೇ ಹಾದುಹೋಗುವುದರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. 2009ರಿಂದ ಇರುವ ಈ ನಿಯಮದ ಬಗ್ಗೆ ಜಗಳವೂ ಅಷ್ಟೇ ಹಳೆಯದು. ನಾವು ಊಟಿ ರಸ್ತೆ ಹಿಡಿದೆವು. ಕಿಟಕಿಯಾಚೆ ಹಸಿರು ಶುರುವಾದ ಕೂಡಲೇ ಮುಂದಿನ ಸೀಟಿನ ಮಗು, "ಅಪ್ಪಾ, ಕಾಡು!" ಎಂದು ಕೂಗಿತು. ಮಗು ಬೆರಳು ತೋರಿಸಿದ ಕಡೆ ಕಾಡಿನ ಮರಗಳೇನೋ ಇದ್ದವು, ಆದರೆ ಅವುಗಳ ಸೊಂಟದವರೆಗೂ ಇದ್ದದ್ದು ಲಂಟಾನ.

ನಮ್ಮಲ್ಲಿ ಅನೇಕರಿಗೆ ಈ ಗಿಡ ಬಾಲ್ಯದ ಗೆಳೆಯ. ಬೇಲಿಯಲ್ಲಿ ಅದರ ಕಪ್ಪು ಹಣ್ಣು ಕಿತ್ತು ತಿಂದಿದ್ದೇವೆ, ಹೂವಿನ ಬುಡ ಚೀಪಿದ್ದೇವೆ. ಹಳದಿಯಾಗಿ ಅರಳಿ ಆಮೇಲೆ ಗುಲಾಬಿಗೆ ತಿರುಗುವ ಆ ಪುಟ್ಟ ಹೂಗೊಂಚಲಿಗೆ ಮರುಳಾಗಿಯೇ, ಸುಮಾರು ಇನ್ನೂರು ವರ್ಷಗಳ ಹಿಂದೆ ಬ್ರಿಟಿಷರು ಅದನ್ನು ಅಲಂಕಾರದ ಗಿಡವಾಗಿ ಇಲ್ಲಿಗೆ ತಂದರು. ಅದರ ತವರು ಅಮೆರಿಕ ಖಂಡದ ಉಷ್ಣ ಪ್ರದೇಶ. ಉದ್ಯಾನದ ಅಂಚಿನಲ್ಲಿ ಇರಲಿ ಎಂದು ತಂದ ಗಿಡ ಹಕ್ಕಿಗಳ ಹೊಟ್ಟೆಯಲ್ಲಿ ಕುಳಿತು ಕಾಡು ಸೇರಿತು. ದೇಶದ ಹುಲಿ ನೆಲೆಗಳ ಶೇಕಡ 40ಕ್ಕೂ ಹೆಚ್ಚು ಭಾಗದಲ್ಲಿ ಲಂಟಾನ ಹಬ್ಬಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಅದರ ಎಲೆ ದನಕರುಗಳಿಗೆ ವಿಷ. ಜಿಂಕೆ, ಕಾಟಿಗಳಿಗೂ ಅದು ಮೇವಲ್ಲ. ಅದರ ನೆರಳಿನಲ್ಲಿ ಹುಲ್ಲು ಏಳುವುದಿಲ್ಲ. ಹುಲ್ಲಿಲ್ಲದ ಕಡೆ ಜಿಂಕೆಗೇನು ಕೆಲಸ? ಜಿಂಕೆಯಿಲ್ಲದ ಕಡೆ ಹುಲಿಗೇನು ಕೆಲಸ?

ಹಿಂದಿನ ವರ್ಷ ಹದಿನಾಲ್ಕು ಜನ ಸೇರಿದ್ದೆವು. ಸಾಫ್ಟ್‌ವೇರ್‌ನವರು, ಇಬ್ಬರು ಶಿಕ್ಷಕಿಯರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು. ಹುಲಿ ಮೀಸಲು ಪ್ರದೇಶದ ಸುತ್ತಮುತ್ತ ಮನಸ್ಸು ಬಂದಂತೆ ಮಚ್ಚು ಹಿಡಿದು ನುಗ್ಗುವಂತಿಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೊಬ್ಬ ವಾಚರ್ ಇರಬೇಕು. ನಮ್ಮೊಂದಿಗೆ ಜೇನುಕುರುಬರ ಹಾಡಿಯಿಂದ ಆರು ಮಂದಿ ಕೂಲಿಗೆ ಬಂದಿದ್ದರು. ನಾವು ಪುಕ್ಕಟೆ, ಅವರಿಗೆ ಕೂಲಿ. ಈ ಲೆಕ್ಕ ಎಷ್ಟು ಸರಿಯಾಗಿತ್ತು ಎಂಬುದು ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು.

ಮೊದಲ ಅರ್ಧ ಗಂಟೆ ಯಾರೂ ಗುದ್ದಲಿ ಮುಟ್ಟಲಿಲ್ಲ. ವಾಚರ್ ಪೊದೆಯನ್ನು ಬಳಸಿ ಒಂದು ಸುತ್ತು ಹಾಕಿ ಬಂದರು, ಕೋಲಿನಿಂದ ಮರಕ್ಕೆ ಬಡಿದರು, ಎರಡು ಸಲ ಗಟ್ಟಿಯಾಗಿ ಕೂಗಿದರು. ದಾರಿಯಲ್ಲಿ ಆನೆ ಲದ್ದಿ ಕಂಡಿತು. ಅವರು ಕುಕ್ಕರಗಾಲಿನಲ್ಲಿ ಕೂತು ಅಂಗೈ ಮಗುಚಿ, ಜ್ವರ ಬಂದವರ ಹಣೆ ಮುಟ್ಟುವಂತೆ ಅದನ್ನು ಮುಟ್ಟಿದರು. "ತಣ್ಣಗಿದೆ, ರಾತ್ರಿಯದು" ಎಂದರು. ಲಂಟಾನದ ಮೆಳೆ ಎಷ್ಟು ದಟ್ಟವೆಂದರೆ ಆನೆಯಂಥ ಆನೆಯೇ ಹತ್ತು ಮಾರು ದೂರದಲ್ಲಿ ನಿಂತಿದ್ದರೂ ಕಾಣುವುದಿಲ್ಲ. ನಾವು ಆ ಹತ್ತು ಮಾರನ್ನು ಕಣ್ಣಲ್ಲೇ ಅಳೆಯುತ್ತ ಸುಮ್ಮನೆ ನಿಂತಿದ್ದೆವು.

ಕೆಲಸ ಶುರುವಾದ ಮೇಲೆ ನಮ್ಮ ವೇಗ ನೋಡಬೇಕಿತ್ತು! ಮಚ್ಚು ಬೀಸಿದರೆ ಪೊದೆ ಬೀಳುತ್ತದೆ, ಬಯಲು ಕಾಣುತ್ತದೆ, ಎದೆ ಉಬ್ಬುತ್ತದೆ. ಕಾಂಡಕ್ಕೆ ನಾಲ್ಕು ಮೂಲೆ. ಆ ಅಂಚುಗಳ ಉದ್ದಕ್ಕೂ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳು. ಕೈ ಹಾಕುವಾಗ ಸುಮ್ಮನಿದ್ದು ಕೈ ಹಿಂದೆಗೆಯುವಾಗ ಗೀರುತ್ತದೆ. ಕಡಿದ ಕಡ್ಡಿಯ ಘಾಟು ಮೂಗಿಗೆ ಹತ್ತಿ ಸಂಜೆಯ ಸ್ನಾನದ ನಂತರವೂ ಹೋಗಲಿಲ್ಲ. ಹತ್ತೂವರೆಗೆ ನಾವು ಹಾಡಿಯವರಿಗಿಂತ ಎರಡು ಪಟ್ಟು ಮುಂದಿದ್ದೆವು. ಅವರು ಇನ್ನೂ ಒಂದೊಂದೇ ಬುಡದ ಮುಂದೆ ಕೂತಿದ್ದರು. ಪಾಪ, ಕೂಲಿ ಕೆಲಸವಲ್ಲವೇ, ನಿಧಾನ ಎಂದು ನಮ್ಮಲ್ಲೊಬ್ಬರು ಪಿಸುಗುಟ್ಟಿದರು. ಆ ಒಬ್ಬರು ನಾನೇ ಎಂದು ಈಗ ಬರೆಯಬಹುದು.

ಹಾಡಿಯ ಗುಂಪಿನಲ್ಲಿ ಅರವತ್ತು ದಾಟಿದ ಒಬ್ಬ ಅವ್ವ ಇದ್ದರು. ಸೊಂಟಕ್ಕೆ ಸೆರಗು ಬಿಗಿದುಕೊಂಡು ನಾನು ಕಡಿದ ಸಾಲಿನ ಉದ್ದಕ್ಕೂ ನಡೆದು ಬಂದರು. ಗೇಣುದ್ದ ಉಳಿದಿದ್ದ ಮೋಟುಗಳನ್ನು ಕಾಲಿನಿಂದ ತಟ್ಟಿ ನೋಡಿ ನಕ್ಕರು.

"ಇದಕ್ಕೆ ಕ್ಷೌರ ಮಾಡಿದ್ದೀಯ ಕಣಪ್ಪ. ಮುಂದಿನ ಮಳೆಗೆ ಇನ್ನೂ ಚೆನ್ನಾಗಿ ಬೆಳೆಯುತ್ತದೆ."

ಆಮೇಲೆ ನನ್ನ ಮುಂದೆ ಕೂತು ತೋರಿಸಿದರು. ಮೊದಲು ಕಡ್ಡಿಗಳನ್ನು ಒಂದು ಕಡೆ ಬಾಗಿಸಿ ಕಾಲಡಿ ಹಾಕಿಕೊಳ್ಳಬೇಕು. ಬುಡದ ಸುತ್ತ ಮಣ್ಣು ಕೆದಕಬೇಕು. ಕಾಂಡ ಮುಗಿದು ಬೇರು ಶುರುವಾಗುವ ಜಾಗದಲ್ಲಿ ಒಂದು ಗಂಟಿನಂಥ ಉಬ್ಬು ಇದೆ. ಚಿಗುರೆಲ್ಲ ಅಡಗಿರುವುದು ಅಲ್ಲಿ. ಅದರ ಕೆಳಗೆ, ಮಣ್ಣಿನೊಳಗೆ ಎರಡು ಬೆರಳು ಇಳಿದು ತಾಯಿಬೇರಿಗೆ ಪಿಕಾಸಿಯ ಏಟು ಬೀಳಬೇಕು. ಒಂದೇ ಏಟು. ಬುಡ ಸಮೇತ ಎದ್ದ ಗಿಡವನ್ನು ತಲೆಕೆಳಗು ಮಾಡಿ, ಬೇರು ಆಕಾಶ ನೋಡುವಂತೆ ಇಡಬೇಕು. ಮಣ್ಣಿಗೆ ತಾಗಿಸಿದಿರೋ, ಬಿದ್ದಲ್ಲೇ ಮತ್ತೆ ಬೇರು ಬಿಡುತ್ತದೆ. ದರದರ ಎಳೆದುಕೊಂಡು ಹೋಗಲೂ ಬಾರದು, ಹಣ್ಣು ಉದುರುತ್ತದೆ. ಮಳೆಗಾಲದಲ್ಲೇ ಈ ಕೆಲಸ ಇಟ್ಟುಕೊಳ್ಳುವುದೂ ಮಣ್ಣು ಸಡಿಲವಿರಲಿ ಎಂದು.

ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸಿ. ಆರ್. ಬಾಬು ಅವರು ರೂಪಿಸಿ, ದೇಶದ ಹಲವು ಕಾಡುಗಳಲ್ಲಿ ಬಳಕೆಗೆ ಬಂದಿರುವ ವಿಧಾನವೂ ಇದೇ ಎಂದು ಊರಿಗೆ ಮರಳಿದ ಮೇಲೆ ಓದಿ ತಿಳಿದುಕೊಂಡೆ. ಆ ಹೊತ್ತಿಗೆ ಅವ್ವನ ಪಿಕಾಸಿಯೇ ನನ್ನ ವಿಶ್ವವಿದ್ಯಾಲಯ. ಅಂದು ಮಧ್ಯಾಹ್ನ ಹೊಸ ಪದ್ಧತಿಯಲ್ಲಿ ನಾನು ತೆಗೆದದ್ದು ಒಂಬತ್ತು ಬುಡ. ಅವರದು ಎಣಿಸಲಿಲ್ಲ, ಧೈರ್ಯ ಬರಲಿಲ್ಲ.

ಮುದ್ದೆ, ಹುರುಳಿಕಾಳಿನ ಸಾರು ಉಣ್ಣುವಾಗ ಮಾತು ಬೆಂಕಿಯ ಕಡೆ ತಿರುಗಿತು. 2019ರ ಫೆಬ್ರುವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಸುಟ್ಟುಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಒಣಗಿದ ಲಂಟಾನ ಏಣಿಯಂತೆ, ನೆಲದ ಬೆಂಕಿಯನ್ನು ಮರದ ತಲೆಗೆ ಏರಿಸುತ್ತದೆ. ಸುಟ್ಟ ಮೇಲೆ ಮರ ಸಾಯುತ್ತದೆ, ಲಂಟಾನ ಬುಡದಿಂದ ಚಿಗುರುತ್ತದೆ. ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುವ ಮಾತು ಬೇರೆ. ಬೇಸಗೆಯ ಆರಂಭದಲ್ಲಿ ತರಗೆಲೆಗೆ ಸಣ್ಣಗೆ ಇಡುತ್ತಿದ್ದ 'ತರಗು ಬೆಂಕಿ' ಎಳೆಯ ಲಂಟಾನವನ್ನು ಸುಡುತ್ತಿತ್ತು, ಅಭಯಾರಣ್ಯವಾದ ಮೇಲೆ ಅದು ನಿಂತಿತು, ಗಿಡ ಹಬ್ಬಿತು ಎನ್ನುತ್ತಾರೆ. ಆ ಬೆಂಕಿಯೂ ಈ ಬೆಂಕಿಯೂ ಒಂದೇ ಅಲ್ಲ ಎಂಬುದನ್ನು ಕಾಡಿನಲ್ಲಿ ಬದುಕಿದವರು ಹೇಳಿದರೆ ಕೇಳುವವರು ಕಡಿಮೆ.

ಇನ್ನೊಂದು ಸಂಗತಿ ಹೇಳಲೇಬೇಕು. ಇದೇ ಕಾಡಿನ ಮುಂದುವರಿಕೆಯಾದ ಮುದುಮಲೈ ದಾಟಿದರೆ ಗೂಡಲೂರು. ಅಲ್ಲಿನ ಆದಿವಾಸಿ ಕುಶಲಕರ್ಮಿಗಳು ಲಂಟಾನದ ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು ಆಳೆತ್ತರದ ಆನೆಗಳನ್ನು ಕಟ್ಟುತ್ತಾರೆ. 2021ರಲ್ಲಿ ಆ ಆನೆಗಳು ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು. ಅಲಂಕಾರಕ್ಕೆಂದು ಬ್ರಿಟಿಷರು ತಂದ ಗಿಡ ಆನೆಯಾಗಿ ಅವರ ಉದ್ಯಾನದ ಅಲಂಕಾರಕ್ಕೇ ಮರಳಿತು. ಆದರೆ ಎಷ್ಟು ಆನೆ ಕಟ್ಟಿದರೂ ಮುಗಿಯದಷ್ಟು ಲಂಟಾನ ಇಲ್ಲಿದೆ.

ಈ ವರ್ಷ ಬಂದವರು ಏಳೇ ಜನ. ಹಳಬರಲ್ಲಿ ನಾನು, ಬ್ಯಾಂಕಿನವರು. ನಮ್ಮ ಹಳೆಯ ಜಾಗ ಹುಡುಕಲು ಕಷ್ಟವಾಗಲಿಲ್ಲ, ಪಕ್ಕದಲ್ಲೇ ದೊಡ್ಡ ಮತ್ತಿಮರ ಇದೆ. ಹಾಡಿಯವರು ಕೆಲಸ ಮಾಡಿದ ಪಟ್ಟಿಯಲ್ಲಿ ಹುಲ್ಲು ಮೊಣಕಾಲೆತ್ತರ ಎದ್ದಿತ್ತು. ಅಲ್ಲಲ್ಲಿ ತುದಿ ಮೇಯ್ದ ಗುರುತು, ಕಪ್ಪು ಮಣಿಯಂಥ ಜಿಂಕೆ ಹಿಕ್ಕೆ. ಬ್ಯಾಂಕಿನವರು ಆ ಹಿಕ್ಕೆಯ ಫೋಟೊ ತೆಗೆದು ಮನೆಯವರಿಗೆ ಕಳುಹಿಸಲು ನೋಡಿದರು, ಸಿಗ್ನಲ್ ಇರಲಿಲ್ಲ. ಮತ್ತಿಮರದ ಕೆಳಗೆ ಮಾತ್ರ ಬೆರಳುದ್ದದ ಲಂಟಾನ ಸಸಿಗಳು ಮುತ್ತಿದ್ದವು. ಹಣ್ಣು ತಿಂದ ಪಿಕಳಾರಗಳು ಬಂದು ಕೂರುವುದು ಆ ಕೊಂಬೆಗಳ ಮೇಲೆಯೇ. ಆದ್ದರಿಂದ ಕಿತ್ತ ಜಾಗಕ್ಕೆ ಮೇಲಿಂದ ಮೇಲೆ ಎರಡು ಮೂರು ವರ್ಷವಾದರೂ ಬರಬೇಕು. ಹಾಗೆ ಬರಲು ನಮ್ಮಂಥವರಿಗೆ ರಜೆ ಸಿಗುವುದಿಲ್ಲ. ಹಾಡಿಯವರಿಗೆ ವರ್ಷವಿಡೀ ಕೂಲಿ ಸಿಕ್ಕರೆ ಕೆಲಸ ತಾನಾಗಿ ನಡೆದೀತು ಎಂಬುದು ನನ್ನ ಅನಿಸಿಕೆ. ಸ್ವಯಂಸೇವೆಯ ಫೋಟೊಗಳಲ್ಲಿ ಅವರು ಇರುವುದೂ ಅಪರೂಪ.

ನನ್ನ ಸಾಲು ದೂರದಿಂದಲೇ ಗೊತ್ತಾಯಿತು. ಒಂದು ಕಾಂಡವಿದ್ದ ಕಡೆ ಎಂಟು ಹತ್ತು ಕಾಂಡ, ತಲೆ ತುಂಬ ಹೂ. ಹೂವಿನ ಮೇಲೆ ಚಿಟ್ಟೆ ಬೇರೆ, ಅಣಕಿಸಲೆಂದೇ ಕೂತಂತೆ. ಎಣಿಸಿದೆ: ಬೆಳಿಗ್ಗೆ ಮಚ್ಚಿನಿಂದ ಕಡಿದಿದ್ದ ಹದಿನೇಳರಲ್ಲಿ ಹದಿನೈದು ಚಿಗುರಿದ್ದವು. ಮಧ್ಯಾಹ್ನದ ಒಂಬತ್ತರಲ್ಲಿ ಒಂದೇ ಒಂದು.

ಅವ್ವ ಈ ಸಲವೂ ಬಂದಿದ್ದರು. ಗುರುತು ಹಿಡಿದರೋ ಇಲ್ಲವೋ, ನನ್ನ ಸಾಲನ್ನಂತೂ ಗುರುತು ಹಿಡಿದರು. "ಓ, ಕ್ಷೌರದವರು" ಎಂದರು.

"ಈ ಸಲ ಬುಡಸಮೇತ ತೆಗೆಯುತ್ತೇನೆ ಅವ್ವ."

"ತೆಗಿ. ಹೂವಿನದನ್ನು ಮೊದಲು ತೆಗಿ, ಹಣ್ಣು ಕಟ್ಟುವುದರೊಳಗೆ."

ವಾಚರ್ ಸುತ್ತು ಹಾಕಿ ಬರುವವರೆಗೆ ಕಾದು, ಪಿಕಾಸಿ ಹಿಡಿದು ಮೊದಲನೆಯದರ ಮುಂದೆ ಕೂತೆ. ರಾತ್ರಿ ಮಳೆಯಾಗಿತ್ತು, ಮಣ್ಣು ಬಿಡುತ್ತಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಏಳು ಬುಡ ಬೇರು ಮೇಲಾಗಿ ಮಲಗಿದ್ದವು. ಎಂಟನೆಯದರ ತಾಯಿಬೇರು ಕಲ್ಲಿನ ಕೆಳಗೆ ಹೋಗಿತ್ತು. ಎರಡೂ ಬದಿಯಿಂದ ಪ್ರಯತ್ನಿಸಿದೆ, ಪಿಕಾಸಿಯ ಕಾವು ಸಡಿಲವಾಯಿತು, ಬೇರು ಅಲುಗಲಿಲ್ಲ. ಅದನ್ನು ಅವ್ವನೇ ತೆಗೆದರು.