ಕೊಳದಲ್ಲಿ ಸಿಕ್ಕ ಅಂಚೆ

ಒಂಬತ್ತನೆಯ ತರಗತಿಯಲ್ಲಿ ಕನ್ನಡ ಮೇಷ್ಟ್ರು ಒಂದು ಹಳೆಯ ಪದ್ಯವನ್ನು ಓದುತ್ತಿದ್ದರು. ಕೊಳ ಬಂತು, ತಾವರೆ ಬಂತು, ಅವುಗಳ ನಡುವೆ ‘ಅಂಚೆ’ಯೂ ಬಂತು. ನಮಗೆ ಗೊತ್ತಿದ್ದುದು ಕಾಗದ ತರುವ ಅಂಚೆ ಒಂದೇ. ಕೊಳದಲ್ಲಿ ಅದಕ್ಕೇನು ಕೆಲಸ ಸಾರ್ ಎಂದು ಎದ್ದು ಕೇಳಿದೆ. ಅವರು ಅರ್ಥ ಹೇಳಲಿಲ್ಲ. “ಗ್ರಂಥಾಲಯಕ್ಕೆ ಹೋಗಿ ನಿಘಂಟು ನೋಡು. ನಾಳೆ ನೀನೇ ಎಲ್ಲರಿಗೂ ಹೇಳು” ಎಂದರು.

ಮಧ್ಯಾಹ್ನದ ಬಿಡುವಿನಲ್ಲಿ ಹೋದೆ. ವರ್ಣಮಾಲೆಯಲ್ಲಿ ಅಂ, ಅಃ ಸ್ವರಗಳ ಕೊನೆಗೆ ಬರುತ್ತವಲ್ಲ, ಹಾಗಾಗಿ ಔಕಾರದ ಆಚೆ ಹುಡುಕಿದೆ. ಅಲ್ಲಿ ಆಗಲೇ ಕಕಾರ ಶುರುವಾಗಿತ್ತು. ಗ್ರಂಥಪಾಲಕರು ಬಂದು ಮೊದಲ ಪುಟಗಳಿಗೆ ತಿರುಗಿಸಿಕೊಟ್ಟರು. ನಿಘಂಟಿನಲ್ಲಿ ಅನುಸ್ವಾರದ ಪದಗಳು ಮುಂದೆ ನಿಲ್ಲುತ್ತವೆ, ಅಕ್ಕನಿಗಿಂತ ಅಂಗಳ ಮೊದಲು. ಕ್ಷಮೆಯನ್ನು ಕಕಾರದಲ್ಲಿ, ಜ್ಞಾನವನ್ನು ಜಕಾರದಲ್ಲಿ ಹುಡುಕಬೇಕು ಎಂದು ಕಲಿಸಿದವರೂ ಅವರೇ. ಕೊನೆಗೆ ಅಂಚೆ ಸಿಕ್ಕಿತು. ಟಪಾಲು ಎಂಬ ಅರ್ಥದ್ದು ಒಂದು, ‘ಹಂಸ’ದ ತದ್ಭವ ಇನ್ನೊಂದು. ಅಷ್ಟು ಹೊತ್ತು ಬರೀ ಶಬ್ದವಾಗಿದ್ದ ಆ ಪದ್ಯದ ಕೊಳದಲ್ಲಿ ಬಿಳಿಯ ಹಕ್ಕಿಯೊಂದು ತೇಲತೊಡಗಿತು.

ಮರುದಿನವೂ ಹೋದೆ, ಈ ಸಲ ಯಾರೂ ಕಳಿಸದೆ. ತಂಗಾಳಿ ಎಂಬರ್ಥದ ಎಲರು ಹುಡುಕಿದರೆ ಪಕ್ಕದಲ್ಲೇ ಎಲವ ಎಂಬುದು ಕಂಡಿತು. ಅದು ಬೂರುಗದ ಮರವಂತೆ. ಬೇಸಾಯ ‘ವ್ಯವಸಾಯ’ದಿಂದ, ಜಾತ್ರೆ ‘ಯಾತ್ರೆ’ಯಿಂದ, ಹೊತ್ತಗೆ ‘ಪುಸ್ತಕ’ದಿಂದ ಬಂದವು ಎಂದು ತಿಳಿದ ದಿನ ಊಟದ ಡಬ್ಬಿ ತೆರೆಯುವುದೇ ಮರೆತುಹೋಗಿತ್ತು. ನನ್ನ ಎದುರಿಗಿದ್ದ ಕಾಗದ ಪಾರಸಿಯದು, ಅಲಮಾರು ಪೋರ್ಚುಗೀಸರದು.

ಅದೇ ಅಲಮಾರಿನ ಕೆಳಗಿನ ಸಾಲಿನಲ್ಲಿ ಕಿಟೆಲ್ ನಿಘಂಟು ಇತ್ತು. 1853ರಲ್ಲಿ ಜರ್ಮನಿಯಿಂದ ಬಂದ ಪಾದ್ರಿ ಫರ್ಡಿನೆಂಡ್ ಕಿಟೆಲ್ ದಶಕಗಳ ಕಾಲ ದುಡಿದು ಕಟ್ಟಿದ ಆ ಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಒಂದು ಕನ್ನಡ ಪದದ ಜೊತೆಗೆ ಅದರ ತಮಿಳು, ತೆಲುಗು, ಮಲಯಾಳದ ಒಡಹುಟ್ಟುಗಳನ್ನೂ ಅವರು ಕೊಡುತ್ತಾರೆ, ನಡುನಡುವೆ ಗಾದೆಗಳನ್ನು ಪೋಣಿಸುತ್ತಾರೆ. ನಮ್ಮ ವರ್ಣಮಾಲೆಯಿಂದ ಜಾರಿಹೋದ ೞ ಅಕ್ಷರವನ್ನು ನಾನು ಮೊದಲು ನೋಡಿದ್ದು ಅದರಲ್ಲಿ. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ಎರಡೂ ಈಗ ‘ಬಾಳು’. ಒಂದು ಅಕ್ಷರ ಬಿದ್ದುಹೋದ ಮೇಲೆ ಕತ್ತಿಗೂ ಬದುಕಿಗೂ ಇದ್ದ ಗೋಡೆ ಬಿದ್ದುಹೋಯಿತು. ಇದನ್ನು ಮೇಷ್ಟ್ರಿಗೆ ಹೇಳಲು ಸಿಬ್ಬಂದಿ ಕೊಠಡಿಗೆ ಓಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಪಾಠದ ಗಂಟೆ ಹೊಡೆಯುವವರೆಗೂ ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಬೇರೆಬೇರೆ ಎಂದು ಗುರುತಿಸಿದ ಳಕಾರದ ಮೂರು ಬಗೆ, ರಳ (ಅದೇ ೞ), ಕುಳ, ಕ್ಷಳಗಳ ಬಗ್ಗೆ ಮಾತನಾಡಿದರು. ಒಬ್ಬ ಹುಡುಗನಿಗಾಗಿ ಅವರು ಅಷ್ಟು ಹೊತ್ತು ಕೊಟ್ಟರು ಎಂಬುದು ನೆನಪಾದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ನಾನು ಕಂಡಿದ್ದು ಬಹಳ ತಡವಾಗಿ. ಅದಕ್ಕಾಗಿ ದುಡಿದ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಆ ವಾರವೆಲ್ಲ ಅದರ ಪುಟಗಳನ್ನೇ ತಿರುವುತ್ತಿದ್ದೆ.

ಈಗ ಮೊಬೈಲಿನಲ್ಲಿ ಪದವನ್ನು ಒತ್ತಿದರೆ ಅರ್ಥ ತಕ್ಷಣ ಬರುತ್ತದೆ. ನಾನೂ ಬಳಸುತ್ತೇನೆ. ಆದರೆ ಅಲ್ಲಿ ಪದ ಒಂಟಿಯಾಗಿ ಬರುತ್ತದೆ. ಎಲರಿನ ಪಕ್ಕದಲ್ಲಿ ಎಲವದ ಮರ ಇರುವುದಿಲ್ಲ.

ಕಿಟೆಲ್ಲರ ಆ ದೊಡ್ಡ ಹೊತ್ತಗೆಯನ್ನು ಮೊದಲ ಪುಟದಿಂದ ಓದಿ ಮುಗಿಸಬೇಕೆಂದು ಹತ್ತನೆಯ ತರಗತಿಯಲ್ಲಿ ಹಟ ಹಿಡಿದಿದ್ದೆ. ವಾರ್ಷಿಕ ಪರೀಕ್ಷೆ ಬರುವ ಹೊತ್ತಿಗೆ ನಕಾರದ ಕೊನೆಗೆ ಬಂದಿದ್ದೆ. ಅದು ಇನ್ನೂ ಆ ಕೆಳಗಿನ ಸಾಲಿನಲ್ಲೇ ಇದ್ದರೆ, ಮುಂದಿನ ಸಲ ಶಾಲೆಗೆ ಬಂದಾಗ ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ ಕುಳಿತುಕೊಳ್ಳಲು ಅನುಮತಿ ಕೇಳುತ್ತೇನೆ. ಪಕಾರದಿಂದ ಶುರುಮಾಡಬೇಕು.