ತಪ್ಪು ಓದಿದ್ರೂ ನಡೀತದೆ ಅಲ್ವಾ ಅಕ್ಕೋರೇ?

ಸೋಮವಾರ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಕೇಳಿದ ಮಾತು ಇವತ್ತು ಶುಕ್ರವಾರ ಆದ್ರೂ ತಲೆಯಿಂದ ಹೋಗ್ತಾ ಇಲ್ಲ.

ಕಾರವಾರದಿಂದ ವರ್ಗ ಆಗಿ ಹೊರಟ ಒಂದು ಕುಟುಂಬದವ್ರು, ತಮ್ಮ ಮಕ್ಕಳು ಓದಿ ಬಿಟ್ಟ ಇಂಗ್ಲಿಷ್ ಪುಸ್ತಕನೆಲ್ಲ ರದ್ದಿಗೆ ಹಾಕದೆ ಬಾಕ್ಸಲ್ಲಿ ತುಂಬಿಸಿ ರಿಕ್ಷಾ ಮಾಡಿ ನಮ್ಮ ಹೈಸ್ಕೂಲಿಗೆ ಕಳಿಸಿದ್ರು. ಜೂನ್ ಮಳೆ ಗೊತ್ತಲ್ಲ, ಮೇಲಿನ ಬಾಕ್ಸ್ ನೆನೆದಿತ್ತು, ಅದಕ್ಕೆ ಎಲ್ಲಾ ಪುಸ್ತಕ ಬೆಂಚ್ ಮೇಲೆ ಹರಡಿ ಫ್ಯಾನ್ ಹಾಕಿದ್ದೆ. ಮಕ್ಕಳು ಸುತ್ತ ನಿಂತ್ಕೊಂಡ್ರು, ಒಬ್ರೂ ಮುಟ್ಲಿಲ್ಲ. ಕೊನೆಗೆ ಇವಳೊಬ್ಳು ತೆಳ್ಳಗಿನ ಚಿತ್ರದ ಪುಸ್ತಕ ಎತ್ತಿ ಹಿಂದೆ ಮುಂದೆ ತಿರುಗಿಸಿ "ಅಕ್ಕೋರೇ, ಇದು ಪರೀಕ್ಷೆಗೆ ಬತ್ತದ್ಯಾ?" ಅಂದ್ಲು. ಇಲ್ಲ ಅಂದೆ. "ಹಂಗಾದ್ರೆ ತಪ್ಪು ಓದಿದ್ರೂ ನಡೀತದೆ ಅಲ್ವಾ?"

ನಡೀತದೆ ಮಾರಾಯ್ತಿ, ಓದು ಅಂದೆ. ಅವಳು ಕಿಟಕಿ ಹತ್ರ ಕೂತು ಓದೋಕೆ ಶುರು ಮಾಡಿದ್ಲು, ಅದೂ ಗಟ್ಟಿಯಾಗಿ. ಪಾಠದ ಪುಸ್ತಕ ಓದು ಅಂತ ಎಬ್ಬಿಸಿ ನಿಲ್ಲಿಸಿದ್ರೆ ತುಟಿ ಬಿಚ್ಚದ ಹುಡುಗಿ ಅದು. ತಡವರಿಸಿದ್ಲು, ಗೊತ್ತಾಗದ್ದನ್ನ ಹಾರಿಸಿದ್ಲು, ಚಿತ್ರ ನೋಡಿ ಊಹೆ ಮಾಡಿದ್ಲು, ಆದ್ರೆ ಕೊನೆ ಪುಟದ ತನಕ ನಿಲ್ಲಿಸ್ಲಿಲ್ಲ.

ನಮ್ಮ ಮಕ್ಕಳ ಮನೆಯಲ್ಲಿ ಹೆಚ್ಚಾಗಿ ಕೊಂಕಣಿ, ಶಾಲೆಗೆ ಬಂದ್ರೆ ಕನ್ನಡ, ಅದ್ರ ಜೊತೆ ಹಿಂದಿ, ಇಂಗ್ಲಿಷ್. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ 2007-08ರಿಂದ ಒಂದನೇ ಕ್ಲಾಸಿಂದ್ಲೇ ಇಂಗ್ಲಿಷ್ ಇದೆ, ಅಂದ್ರೆ ಎಂಟಕ್ಕೆ ಬರೋ ಹೊತ್ತಿಗೆ ಏಳು ವರ್ಷ ಕಲ್ತಿರ್ತಾರೆ. ಆ ಏಳು ವರ್ಷದಲ್ಲಿ ಅವ್ರ ಕೈಗೆ ಸಿಕ್ಕ ಇಂಗ್ಲಿಷ್ ಅಂದ್ರೆ ಪಠ್ಯಪುಸ್ತಕ ಮಾತ್ರ. ಸರ್ಕಾರ ಉಚಿತವಾಗಿ ಕೊಡ್ತದೆ, ಬಹಳ ಒಳ್ಳೆಯದು, ಆದ್ರೆ ವರ್ಷಕ್ಕೆ ಇಂಗ್ಲಿಷಿಗೆ ಅಂತ ಅದೊಂದೇ, ಮತ್ತೆ ಅದ್ರ ಒಂದೊಂದು ಸಾಲಿನ ಹಿಂದೆನೂ ಒಂದು ಪ್ರಶ್ನೆ ಕಾಯ್ತಾ ಇರ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷ್ ನಮ್ಮ ಮಕ್ಕಳಿಗೆ ದ್ವಿತೀಯ ಭಾಷೆ, ಅದಕ್ಕೆ ಬರೆಯೋ ಪರೀಕ್ಷೆ 80 ಅಂಕ, ಆಂತರಿಕ 20. ಆ ನೂರರ ಒಳಗೆ ತಪ್ಪು ಓದೋಕೆ ಎಲ್ಲಿದೆ ಜಾಗ? ಆ ಹುಡುಗಿ ಕೇಳಿದ್ದು ಅದೇ ಜಾಗ ಅನಿಸ್ತದೆ ನನಗೆ. ತಪ್ಪು ಓದೋಕೆ ಹೆದರೋ ಮಗು ಭಾಷೆ ಹೇಗಪ್ಪ ಕಲಿತದೆ?

ಸ್ಟಾಫ್ ರೂಮಲ್ಲಿ ಇದನ್ನ ಹೇಳಿದ್ರೆ ಒಬ್ಬ ಹಿರಿಯ ಮಾಸ್ತರು "ಕಥೆ ಪುಸ್ತಕ ಓದಿಸ್ತಾ ಕೂತ್ರೆ ರಿಸಲ್ಟ್ ಯಾರು ತರ್ತಾರೆ?" ಅಂದ್ರು. ಕೆಟ್ಟವ್ರಲ್ಲ ಅವ್ರು, ಫಲಿತಾಂಶ ಇಳಿದ್ರೆ ಉತ್ತರ ಕೊಡಬೇಕಾದವ್ರು ನಾವೇ ಅನ್ನೋ ಹೆದರಿಕೆ ಅವ್ರಿಗೆ. ಇನ್ನೊಬ್ರು ಸ್ಟಾಕ್ ರಿಜಿಸ್ಟರಿಗೆ ಹತ್ತಿಸಿ ಕಪಾಟಿಗೆ ಹಾಕಿ ಬೀಗ ಹಾಕೋಣ, ಮಕ್ಕಳು ಹರೀತಾರೆ ಅಂದ್ರು. ಇದನ್ನ ಮಾತ್ರ ನಾನು ಒಪ್ಪೋದೇ ಇಲ್ಲ. ನಮ್ಮ ಕರಾವಳಿಯಲ್ಲಿ ಬೀಗ ಹಾಕಿಟ್ಟ ಪುಸ್ತಕ ಒಂದು ಮಳೆಗಾಲ ದಾಟೋದ್ರೊಳಗೆ ಬೂಷ್ಟು ಹಿಡೀತದೆ, ಅದಕ್ಕಿಂತ ಮಗು ಓದಿ ಹರಿದ್ರೆ ಹರೀಲಿ.

ರಿಸಲ್ಟ್ ಬಗ್ಗೆ ಕೇಳಿದ ಆ ಹಿರಿಯ ಮಾಸ್ತರಿಗೆ ನಾನು ಹೇಳಿದ್ದು ಫಿಜಿ ದ್ವೀಪದ ಕಥೆ. 1980ರ ಸುಮಾರಿಗೆ ವಾರ್ವಿಕ್ ಎಲಿ, ಫ್ರಾನ್ಸಿಸ್ ಮಾಂಗುಭಾಯಿ ಅಂತ ಇಬ್ರು ಸಂಶೋಧಕರು ಅಲ್ಲಿನ ಹಳ್ಳಿ ಶಾಲೆಗಳಲ್ಲಿ ನಾಲ್ಕು ಐದನೇ ಕ್ಲಾಸಿನ ಮಕ್ಕಳಿಗೆ, ಅವ್ರಿಗೂ ಇಂಗ್ಲಿಷ್ ಮನೆ ಭಾಷೆ ಅಲ್ಲ, ಕ್ಲಾಸಿಗೆ 250ರಂತೆ ಚಿತ್ರದ ಕಥೆ ಪುಸ್ತಕ ಕೊಟ್ಟು ನೋಡಿದ್ರು. ಹಳೇ ಪದ್ಧತಿಯಲ್ಲೇ ಕಲ್ತ ಮಕ್ಕಳಿಗಿಂತ ಇವ್ರ ಓದು ಸುಮಾರು ಎರಡು ಪಟ್ಟು ವೇಗದಲ್ಲಿ ಮುಂದೆ ಹೋಯ್ತು, 1983ರಲ್ಲಿ ಅದನ್ನ ಪ್ರಕಟ ಮಾಡಿದ್ರು. ನಮ್ಮದು ಹೈಸ್ಕೂಲು, ಸರಿ, ಆದ್ರೆ ನಮ್ಮ ಎಂಟನೇ ಕ್ಲಾಸಿನ ಸುಮಾರು ಮಕ್ಕಳ ಇಂಗ್ಲಿಷ್ ಓದು ಇರೋದು ಅದೇ ಹಂತದಲ್ಲಿ. ಮಾಸ್ತರು ಸುಮ್ನೆ ಕೇಳಿ "ನೋಡುವ" ಅಂದ್ರು. ಅಷ್ಟು ಸಾಕು.

ಬುಧವಾರ ಇನ್ನೊಂದು ಆಯ್ತು. ಹಿಂದಿನ ಬೆಂಚಿನ ಹುಡುಗ ಒಬ್ಬ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಏನೋ ತಂದ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿ ಕಡಲಿಗೆ ಇಳಿಯೋ ಹಾಗಿಲ್ಲ, ಬೈತಖೋಲ ಬಂದರಲ್ಲಿ ಬೋಟೆಲ್ಲ ಕಟ್ಟಿ ನಿಂತಿವೆ, ಹಾಗಾಗಿ ಅವನ ಅಪ್ಪ ಮನೆಯಲ್ಲೇ ಇದ್ದಾರೆ. ಬೋಟಿನ ಫಿಶ್ ಫೈಂಡರ್, ಅಂದ್ರೆ ನೀರಿನೊಳಗೆ ಮೀನು ಎಲ್ಲಿದೆ ಅಂತ ತೋರಿಸೋ ಯಂತ್ರ, ಅದರ ಜೊತೆ ಬಂದ ಇಂಗ್ಲಿಷ್ ಮ್ಯಾನುಯಲ್ ಅದು! "ಇದೂ ಪರೀಕ್ಷೆಗಿಲ್ಲ ಅಲ್ವಾ ಅಕ್ಕೋರೇ" ಅಂತ ಕೇಳಿ ಬೋರ್ಡ್ ಹತ್ರ ಬಂದು ಪರದೆ ಮೇಲೆ ಮೀನಿನ ಗುಂಪು ಹೇಗೆ ಕಾಣ್ತದೆ, ಆಳ ಎಲ್ಲಿ ತೋರಿಸ್ತದೆ ಅಂತ ಚಿತ್ರ ಬರೆದು ತೋರಿಸ್ದ, ಅರ್ಧ ಕನ್ನಡ ಅರ್ಧ ಇಂಗ್ಲಿಷ್. ಸೋಮವಾರ ಆ ಹುಡುಗಿ ಕೇಳಿದ್ದನ್ನ ಅವನೂ ಕೇಳಿಸ್ಕೊಂಡಿದ್ದ ಅಂತ ನನಗೆ ಆಗ ಗೊತ್ತಾಯ್ತು.

ಪುಸ್ತಕ ಕೊಡೋವ್ರಿಗೆ ಒಂದು ಮಾತು ಹೇಳ್ಲೇಬೇಕು. ಹಳೇ ಎಂಟ್ರೆನ್ಸ್ ಗೈಡು, ಉತ್ತರ ಎಲ್ಲಾ ತುಂಬಿಸಿದ ವರ್ಕ್‌ಬುಕ್ಕು ದಯವಿಟ್ಟು ಬೇಡ, ಅದು ನಮ್ಮ ಮಕ್ಕಳಿಗೆ ಇನ್ನೊಂದು ಪರೀಕ್ಷೆ ಅಷ್ಟೇ. ತೆಳ್ಳಗಿನ ಕಥೆ ಪುಸ್ತಕ, ಕಾಮಿಕ್ಸು, ಇಂಗ್ಲಿಷ್-ಕನ್ನಡ ನಿಘಂಟು, ಚಾರ್ಟು, ಮಕ್ಕಳ ಮ್ಯಾಗಜೀನು, ಇವು ಬೇಕು. ಅದ್ರಲ್ಲೂ ಒಂದೇ ಪುಸ್ತಕದ ಹತ್ತಾರು ಪ್ರತಿ ಸಿಕ್ಕಿದ್ರೆ ಇಡೀ ಕ್ಲಾಸ್ ಒಟ್ಟಿಗೆ ಓದಬಹುದು, ಅದರಷ್ಟು ಉಪಯೋಗ ಬೇರೆ ಯಾವ್ದೂ ಇಲ್ಲ. ಹೊಸದು ಕೊಳ್ಳೋಕೆ ಆಗದಿದ್ರೆ ಪ್ರಥಮ್ ಬುಕ್ಸ್‌ನವ್ರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟಲ್ಲಿ ಇಂಗ್ಲಿಷ್, ಕನ್ನಡ ಎರಡರಲ್ಲೂ ಇರೋ ಕಥೆಗಳು ಉಚಿತ, ಮಕ್ಕಳ ಓದಿನ ಮಟ್ಟ ನೋಡಿ ಬೇರೆ ಬೇರೆ ಮಾಡಿಟ್ಟಿದ್ದಾರೆ, ಪ್ರಿಂಟ್ ತೆಗೆದು ಪಿನ್ ಹೊಡೆದು ಕಳಿಸಿದ್ರೂ ಆಯ್ತು. ನಿಮ್ಮ ಊರಿನ ಹತ್ರದ ಹೈಸ್ಕೂಲಿಗೇ ಕೊಡಿ, ಮೊದಲು ಇಂಗ್ಲಿಷ್ ಮಾಸ್ತರ ಹತ್ರ ಏನು ಬೇಕು ಅಂತ ಕೇಳಿ. ಕಾರವಾರದ ಕಡೆ ಕಳಿಸೋದಾದ್ರೆ ದಪ್ಪ ಪ್ಲಾಸ್ಟಿಕ್ ಸುತ್ತಿ ರಾತ್ರಿ ಬಸ್ಸಿಗೆ ಹಾಕಿ, ಬೆಳಿಗ್ಗೆ ಸ್ಟ್ಯಾಂಡಿಗೆ ನಾನೇ ಬಂದು ಇಳಿಸ್ಕೋತೀನಿ.