ಕಾಯುವ ಹಬ್, ಬಿಡದ ಬ್ರೇಕ್

ಮೂಡಿಗೆರೆ, 17 ನವೆಂಬರ್ 2024, ಭಾನುವಾರ

ಭಾವನ 1997ರ ಮಾರುತಿ ಝೆನ್ ಇವತ್ತು ಬೆಳಗ್ಗೆಯೇ ನಮ್ಮ ಅಂಗಳಕ್ಕೆ ಬಂದು ನಿಂತಿತ್ತು. ಚಾರ್ಮಾಡಿ ಘಾಟಿ ಇಳಿದು ಉಜಿರೆ ಮುಟ್ಟುವಷ್ಟರಲ್ಲಿ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತದೆ ಎಂಬುದು ಅವರ ದೂರು. ವಾಪಸ್ ಘಾಟಿ ಹತ್ತಿ ಬಂದಾಗಲೂ ಚಕ್ರ ಮುಟ್ಟಲಾಗದಷ್ಟು ಕಾದಿರುತ್ತದೆ ಎಂದು ಮಾತಿನ ನಡುವೆ ಹೇಳಿದರು. ನನಗೆ ಮುಖ್ಯವೆನಿಸಿದ್ದು ಈ ಎರಡನೆಯ ಮಾತು. ಇಳಿಯುವಾಗ ಬ್ರೇಕ್ ಕಾಯುವುದು ಸಹಜ. ಏರಿನಲ್ಲಿ ಬ್ರೇಕ್ ತುಳಿಯುವ ಕೆಲಸವೇ ಹೆಚ್ಚಿಲ್ಲ. ಅಲ್ಲೂ ಕಾಯುತ್ತದೆ ಎಂದರೆ ಕಾಲು ತೆಗೆದ ಮೇಲೂ ಬ್ರೇಕ್ ಹಿಡಿದುಕೊಂಡೇ ಇದೆ.

ಒಂದು ಗ್ಯಾರೇಜಿನವರು ಎರಡೂ ಹಬ್ ಬೇರಿಂಗ್ (ಚಕ್ರ ಕೂರುವ ನಡುಭಾಗವಾದ ಹಬ್ ಸಲೀಸಾಗಿ ತಿರುಗಲೆಂದು ಇರುವ ಗುಂಡುಗಳ ಬಳೆ) ಹೋಗಿವೆ ಎಂದು ಪಟ್ಟಿ ಬರೆದುಕೊಟ್ಟಿದ್ದರು. ಹಬ್ ಕಾದಿದ್ದನ್ನು ಕಂಡ ಕೂಡಲೇ ಬೇರಿಂಗನ್ನು ದೂರುವುದು ನನಗೆ ಒಪ್ಪಿಗೆಯಿಲ್ಲ. ಬ್ರೇಕಿನ ಪ್ಯಾಡುಗಳು ಒತ್ತಿ ಹಿಡಿಯುವ ಲೋಹದ ತಟ್ಟೆ, ಅಂದರೆ ಡಿಸ್ಕ್, ಹಬ್ಬಿಗೆ ಬೋಲ್ಟ್ ಆಗಿರುತ್ತದೆ, ಅದರ ಕಾವೆಲ್ಲ ಹಬ್ಬಿಗೆ ಇಳಿಯುತ್ತದೆ. ಬೇರಿಂಗ್ ಸವೆದಿದ್ದರೆ ಓಡುವಾಗ ಗುಂಯ್ ಎನ್ನುವ ಸದ್ದು ಇರುತ್ತದೆ, ತಿರುವಿನಲ್ಲಿ ಆ ಸದ್ದು ಬದಲಾಗುತ್ತದೆ. ಜಾಕ್ ಏರಿಸಿ ಚಕ್ರದ ಮೇಲೂ ಕೆಳಗೂ ಕೈಯಿಟ್ಟು ಅಲುಗಿಸಿದರೆ ಆಟ, ಅಂದರೆ ಸಡಿಲದ ಅಲುಗಾಟ, ಸಿಗುತ್ತದೆ. ಇಲ್ಲಿ ಎರಡೂ ಇರಲಿಲ್ಲ.

ಕಾರನ್ನು ಕೊಟ್ಟಿಗೆಹಾರದವರೆಗೆ ಓಡಿಸಿಕೊಂಡು ಬಂದು ನೋಡಿದೆ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ, ಅದರ ಅಳತೆ ಜ್ವರದ ಮಟ್ಟಕ್ಕೇ ಮುಗಿಯುತ್ತದೆ. ಯಂತ್ರಗಳ ಕಾವು ಅಳೆಯುವ ಬೇರೆ ಗನ್ ಬೇಕು. ಹಿಂದಿನ ಚಕ್ರಗಳ ಬ್ರೇಕ್ ಡ್ರಮ್‌ಗಳು ಉಗುರುಬೆಚ್ಚಗಿದ್ದವು. ಮುಂದಿನ ಬಲ ಡಿಸ್ಕ್ 140 ಡಿಗ್ರಿ ದಾಟಿತ್ತು, ಎಡದ್ದು 190ರ ಹತ್ತಿರ. ಎಡ ಡಿಸ್ಕಿನ ಅಂಚಿನಲ್ಲಿ ನೀಲಿ ಬಣ್ಣದ ಪಟ್ಟಿ ಮೂಡಿತ್ತು. ಇಂಥ ಡಿಸ್ಕಿಗೆ ತಣ್ಣೀರು ಎರಚಬೇಡಿ, ಸೊಟ್ಟಗಾಗಬಹುದು.

ಪತ್ತೆಯ ಕೆಲಸ ಮಾಡಬೇಕಾದದ್ದು ಬಿಸಿ ಇರುವಾಗಲೇ. ತಣಿದರೆ ಚಕ್ರ ಸಲೀಸಾಗಿ ತಿರುಗಿಬಿಡುತ್ತದೆ, ಏನೂ ತಿಳಿಯುವುದಿಲ್ಲ. ಕೂಡಲೇ ಜಾಕ್ ಏರಿಸಿದೆವು. ಎಡ ಚಕ್ರವನ್ನು ಎರಡು ಕೈಯಲ್ಲಿ ಎಳೆದರೂ ತಿರುಗಲೊಲ್ಲದು. ದಪ್ಪ ಕೈಗವಸು ತೊಟ್ಟು, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಹಿಂದೆ ಆಯಿಲ್ ಹೊರಬಿಡಲೆಂದೇ ಇರುವ ಬ್ಲೀಡ್ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ ಕಾಲು ಸುತ್ತು ಸಡಿಲಿಸಿದೆ. ಬ್ರೇಕ್ ಆಯಿಲ್ ಚಿಮ್ಮಿತು, ಚಕ್ರ ಸಡಿಲವಾಯಿತು. ಅಂದರೆ ಪೆಡಲ್ ಬಿಟ್ಟ ಮೇಲೂ ಲೈನಿನಲ್ಲಿ ಒತ್ತಡ ಉಳಿದಿತ್ತು. ನಿಪ್ಪಲ್ ಬಿಚ್ಚಿಯೂ ಚಕ್ರ ಬಿಡದಿದ್ದರೆ ದೋಷ ಕ್ಯಾಲಿಪರ್‌ನಲ್ಲೇ ಎಂದು ತಿಳಿಯಬೇಕು: ಪಿಸ್ಟನ್ ತುಕ್ಕು ಹಿಡಿದಿರಬೇಕು, ಇಲ್ಲವೇ ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ಪಿನ್ ಬಿಗಿದಿರಬೇಕು.

ಉಳಿದ ಒತ್ತಡ ಎಲ್ಲಿಯದು? ಹಳೆಯ ರಬ್ಬರ್ ಹೋಸ್ ಒಳಗೊಳಗೇ ಊದಿಕೊಂಡರೆ ಹೀಗಾಗುತ್ತದೆ. ಕಾಲಿನ ಬಲಕ್ಕೆ ಆಯಿಲ್ ಮುಂದೆ ನುಗ್ಗುತ್ತದೆ, ಹಿಂದಿರುಗಲು ದಾರಿ ಸಿಗುವುದಿಲ್ಲ. ಆದರೆ ಎರಡೂ ಕಡೆಯ ಹೋಸ್ ಒಟ್ಟಿಗೇ ಕೆಡುವುದು ಅಪರೂಪ. ಎರಡೂ ಚಕ್ರ ಕಾದಾಗ ಮೇಲಕ್ಕೆ, ಪೆಡಲ್ ತುಳಿದಾಗ ಎಲ್ಲ ಚಕ್ರಗಳಿಗೂ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕಡೆಗೆ ನೋಡಬೇಕು. ಅದನ್ನು ಬೇಸಿಗೆಯಲ್ಲಿ ಬದಲಾಯಿಸಿದ್ದಾರೆ ಎಂದು ಭಾವ ಆಗ ನೆನಪಿಸಿಕೊಂಡರು.

ನಿಪ್ಪಲ್ ಬಿಗಿದು, ಬ್ರೇಕ್ ತುಳಿದು, ಚಕ್ರ ಮತ್ತೆ ಹಿಡಿಯುವಂತೆ ಮಾಡಿದೆವು. ಆಮೇಲೆ ಮಾಸ್ಟರ್ ಸಿಲಿಂಡರನ್ನು, ಕಾಲಿನ ಬಲ ಹೆಚ್ಚಿಸಿಕೊಡುವ ಬೂಸ್ಟರ್‌ಗೆ ಹಿಡಿದಿಡುವ ನಟ್‌ಗಳನ್ನು ಸಡಿಲಿಸಿ, ಸಿಲಿಂಡರನ್ನು ಎರಡು ಮಿಲಿಮೀಟರ್‌ನಷ್ಟು ಮುಂದಕ್ಕೆ ಎಳೆದೆ. "ಬಿಟ್ಟಿತು! ಎರಡೂ ಬಿಟ್ಟಿತು!" ಎಂದು ಭಾವ ಚಕ್ರ ತಿರುಗಿಸುತ್ತಲೇ ಕೂಗಿದರು. ನನಗೂ ಹಿಗ್ಗಾಯಿತು.

ಬೂಸ್ಟರ್‌ನಿಂದ ಬರುವ ಪುಶ್ ರಾಡ್‌ಗೂ ಸಿಲಿಂಡರಿನ ಪಿಸ್ಟನ್‌ಗೂ ನಡುವೆ ಕೂದಲೆಳೆಯಷ್ಟಾದರೂ ಸಂದು ಇರಬೇಕು. ಹೊಸ ಸಿಲಿಂಡರ್ ಕೂರಿಸಿದವರು ಅದನ್ನು ಅಳೆದಿರಲಿಲ್ಲ. ಪಿಸ್ಟನ್ ಪೂರ್ತಿ ಹಿಂದೆ ಸರಿಯದಿದ್ದರೆ, ಆಯಿಲ್ ಟ್ಯಾಂಕಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಆಯಿಲ್ ಕಾದು ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ಹೋಗಲು ಜಾಗವಿಲ್ಲ, ಪ್ಯಾಡನ್ನೇ ಒತ್ತುತ್ತದೆ. ಒತ್ತಿದಷ್ಟೂ ಕಾವು, ಕಾದಷ್ಟೂ ಒತ್ತಡ. ಮನೆಯಿಂದ ಹೊರಡುವಾಗ ಸರಿಯಿದ್ದ ಕಾರು ಘಾಟಿಯಲ್ಲಿ ಮುಗ್ಗರಿಸುವುದು ಇದರಿಂದಲೇ. ರಾಡಿನ ತುದಿಯ ಸ್ಕ್ರೂ ತಿರುಗಿಸಿ ಸಂದು ಬಿಟ್ಟುಕೊಟ್ಟೆ.

ಎಡಗಡೆಯೇ ಹೆಚ್ಚು ಕಾದದ್ದೇಕೆ ಎಂಬುದು ಪ್ಯಾಡ್ ಬಿಚ್ಚಿದಾಗ ತಿಳಿಯಿತು. ಹೊರಗಿನ ಪ್ಯಾಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಪಿಸ್ಟನ್ ಬದಿಯದು ಒಂದು ತುದಿಯಲ್ಲಿ ತಗಡಿನವರೆಗೂ ಓರೆಯಾಗಿ ಸವೆದು, ಮೇಲ್ಮೈ ಗಾಜಿನಂತೆ ಹೊಳೆಯುತ್ತಿತ್ತು. ಕೆಳಗಿನ ಪಿನ್ನಿನ ರಬ್ಬರ್ ಹರಿದು, ಮಳೆಗಾಲದ ಕೆಸರು ನುಗ್ಗಿ ಪಿನ್ ಕಚ್ಚಿಕೊಂಡಿತ್ತು. ಪಿನ್ ಉಜ್ಜಿ, ಹೊಸ ರಬ್ಬರ್ ಹಾಕಿ, ಸಿಲಿಕೋನ್ ಗ್ರೀಸ್ ಸವರಿದೆ. ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಊದಿ ಮತ್ತೆ ಅದೇ ಕಥೆ. ಪ್ಯಾಡುಗಳನ್ನು ಎರಡೂ ಕಡೆ ಬದಲಾಯಿಸಿದ್ದಾಯಿತು.

ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಪೂರ್ತಿ ಹೊರಹಾಕಿದೆವು. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ಗಾಳಿಯ ತೇವ ಹೀರಿಕೊಳ್ಳುತ್ತ ಬಂದ ಹಾಗೆ ಆ ಮಿತಿ 140ಕ್ಕೆ ಇಳಿಯಬಹುದು. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ನೆಲಕ್ಕೆ ಹೋಗುತ್ತದೆ. ಚಾರ್ಮಾಡಿಯ ತಿರುವಿನಲ್ಲಿ, ಅಕ್ಕ ಮತ್ತು ಮಕ್ಕಳು ಹಿಂದೆ ಕುಳಿತಿರುವಾಗ ಹಾಗಾದರೆ? ಡಿಸ್ಕ್ ಮುಟ್ಟಿದ್ದ ಅಂಕಿ ನೋಡಿ ನನಗೆ ನಿಜವಾಗಿ ಭಯವಾಗಿತ್ತು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ ಎಂದು ಭಾವನಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ, ಘಾಟಿಯಲ್ಲಿ ಹಳೆಯ ಕಾರು ಓಡಿಸುವ ಎಲ್ಲರಿಗೂ ಅದನ್ನೇ ಹೇಳುತ್ತೇನೆ.

ಸಂಜೆ ಮತ್ತೆ ಅದೇ ದಾರಿಯಲ್ಲಿ ಹೋಗಿ ಬಂದು ಅಳೆದಾಗ ಎರಡೂ ಡಿಸ್ಕ್ 70ರ ಆಸುಪಾಸಿನಲ್ಲಿದ್ದವು. ಎಡ ಬೇರಿಂಗಿನ ಗ್ರೀಸ್ ಇಷ್ಟು ದಿನದ ಕಾವಿಗೆ ಕರಗಿ ಸ್ವಲ್ಪ ಹೊರಬಂದಿದೆ, ಸೀಲಿನ ಸುತ್ತ ಕಪ್ಪು ಜಿಡ್ಡು ಕಾಣುತ್ತಿದೆ. ಸದ್ಯಕ್ಕೆ ಸದ್ದಿಲ್ಲ, ಆಟವಿಲ್ಲ. ಮುಂದಿನ ತಿಂಗಳು ಅಕ್ಕನ ಮನೆಗೆ ಹೋದಾಗ ಆ ಚಕ್ರವನ್ನು ಇನ್ನೊಮ್ಮೆ ಎತ್ತಿ ನೋಡಬೇಕು.